ನಿಧಾನ ಬಾರದ ಗಾಡಿ

ರೇಷ್ಮೆ ಹುಳು ಹಣ್ಣಾಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾಳೆ ಎಂದುಕೊಂಡಿದ್ದರೆ ಇವತ್ತೇ ಬೆಳಗ್ಗೆ ಮೈ ಹಳದಿಯಾಗಿ, ತಲೆ ಎತ್ತಿ ಆಡಿಸುತ್ತ, ಗೂಡು ಕಟ್ಟಲು ಜಾಗ ಹುಡುಕತೊಡಗಿದ್ದವು. ಲತಾಮಣಿಯೂ ಅವಳ ಅತ್ತೆ ಚಿಕ್ಕಲಕ್ಷ್ಮಮ್ಮನೂ ಹಣ್ಣಾದ ಹುಳುಗಳನ್ನು ಆರಿಸಿ ಆರಿಸಿ, ಅವು ಗೂಡು ಕಟ್ಟಲೆಂದೇ ಸುರುಳಿ ಹೆಣೆದ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮನೆಯ ಚಂದ್ರಿಕೆಗಳೆಲ್ಲ ತುಂಬಿದವು. ಹುಳು ಮಾತ್ರ ಇನ್ನೂ ನಾಲ್ಕು ಚಂದ್ರಿಕೆಗಾಗುವಷ್ಟು ಉಳಿದಿತ್ತು. ಸಂಜೆಯೊಳಗೆ ಜಾಗ ಸಿಗದಿದ್ದರೆ ಸೊಪ್ಪು ತಿನ್ನುವ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅಂಥ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ.

ಗಂಡ ನಟರಾಜು ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗಿದ್ದ. ಮನೆಯಲ್ಲಿದ್ದ ಗಂಡಸೆಂದರೆ ಮೈದುನ ಅಶ್ವಥ್. ಇದ್ದ ಎಂದರೆ, ಅಂಗಳದಲ್ಲಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಎರಡು ಸಿಲಿಂಡರಿನ ಹಳೆಯ ಬೈಕು ಅದು. ಮೈಸೂರು ರೋಡು ಅಗಲವಾದದ್ದೇ ತಡ, ಫ್ಯಾಕ್ಟರಿ ಹುಡುಗರಿಗೆಲ್ಲ ರೇಸಿನ ಹುಚ್ಚು ಹಿಡಿದಿತ್ತು. ಇವನು ಇದ್ದ ಇಂಜಿನ್ ಸಾಲದೆಂದು ಬೆಂಗಳೂರಿಗೆ ಒಯ್ದು ಸಿಲಿಂಡರಿನ ಬೋರ್ ಅಗಲವಾಗಿ ಕೊರೆಸಿ, ದಪ್ಪ ಪಿಸ್ಟನ್ ಹಾಕಿಸಿಕೊಂಡು ಬಂದಿದ್ದ. ಅವತ್ತಿನಿಂದ ಒಂದೇ ಕಸುಬು: ಎರಡು ಕಾರ್ಬೊರೇಟರು ಬಿಚ್ಚುವುದು, ಕಟ್ಟುವುದು, ಕಿವಿಗೊಟ್ಟು ಕೇಳುವುದು. ಹೆತ್ತ ತಾಯಿಗೆ ಜ್ವರ ಬಂದಾಗಲೂ ಅಷ್ಟು ಹತ್ತಿರ ಮುಖ ತಂದು ವಿಚಾರಿಸಿದವನಲ್ಲ.

"ಪಕ್ಕದೂರ ಮುನಿರತ್ನಮ್ಮನ ಮನೇಲಿ ನಾಕು ಚಂದ್ರಿಕೆ ಖಾಲಿ ಅವಂತೆ. ತಂದ್ಬುಡಪ್ಪ, ಹುಳ ಕಾಯಾಕಿಲ್ಲ," ಎಂದಳು ಲತಾಮಣಿ.

"ಒಸಿ ತಡಿ ಅತ್ತಿಗೆ. ಎಡಗಡೇದೂ ಬಲಗಡೇದೂ ಇನ್ನೂ ಸಮ ಬಂದಿಲ್ಲ. ಬೋರ್ ದೊಡ್ದಾದ್ಮೇಲೆ ಇಂಜಿನ್ ಹೊಟ್ಟೇನೂ ದೊಡ್ದಾಯ್ತದೆ. ಪೆಟ್ರೋಲ್ ಎಷ್ಟು, ಗಾಳಿ ಎಷ್ಟು ಅಂತ ನೋಡಿ ಕೊಡ್ಬೇಕು."

"ಹೊಟ್ಟೆ ದೊಡ್ದಾಗಿ ಕೆಲ್ಸಕ್ಕೆ ಬಾರದೋರ್ನ ನಾನೂ ಕಂಡಿವ್ನಿ."

ಒಳಗಿನಿಂದ ಚಿಕ್ಕಲಕ್ಷ್ಮಮ್ಮ ಕೂಗಿದಳು: "ಅವನ ಕೈಲಿ ಆಗಾಕಿಲ್ಲ ಕಣಮ್ಮಿ. ನೀನೇ ಹೊತ್ಕೊಂಬಾ!"

ಅದು ನಾಟಿತು. ಅಶ್ವಥ್ ಸ್ಕ್ರೂಡ್ರೈವರ್ ಜೇಬಿಗಿಟ್ಟು ಎದ್ದ. "ನೀವು ಹೊತ್ಕೊಂಡು ಬರೋ ಹೊತ್ಗೆ ನಾನು ಮೈಸೂರ್ಗೋಗಿ ಬತ್ತೀನಿ. ಹತ್ತು, ಅತ್ತಿಗೆ."

ಹೋಗುವಾಗ ಗಾಡಿ ಹಾರಿತು, ಸುಳ್ಳು ಹೇಳಬಾರದು. ಲತಾಮಣಿಯ ತುರುಬು ಬಿಚ್ಚಿಹೋಗಿ, ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಹಳ್ಳಿ ಬಂದಿತ್ತು. "ಎಂಗೆ?" ಎಂದ ಅಶ್ವಥ್. ಅವಳು ಕೂದಲು ಕಟ್ಟಿಕೊಳ್ಳುತ್ತ ಕೆಳಗಿಳಿದಳು.

ಮುನಿರತ್ನಮ್ಮ ಚಂದ್ರಿಕೆಗಳನ್ನು ಕೊಟ್ಟು, ಗಾಡಿಯತ್ತ ಅನುಮಾನದಿಂದ ನೋಡಿದಳು. "ಎಣ್ಣೆ ಗಿಣ್ಣೆ ಸೋಕುಸ್ಬ್ಯಾಡಿ ಕಣವ್ವ. ವಾಸ್ನೆ ಹಿಡುದ್ರೆ ಹುಳ ಹತ್ತಾಕಿಲ್ಲ."

ಮಂಚದಷ್ಟು ಅಗಲದ ನಾಲ್ಕು ಚಂದ್ರಿಕೆಗಳನ್ನು ಹಿಂದಿನ ಸೀಟಿನ ಮೇಲೆ ಒಂದರ ಮೇಲೊಂದು ಅಡ್ಡಲಾಗಿಟ್ಟು ಹಗ್ಗ ಬಿಗಿದರು. ಲತಾಮಣಿ ಹಿಂದೆ ಅಂಚು ಹಿಡಿದುಕೊಂಡು ನಿಂತಳು. "ನನ್ನ ನಡಿಗೆಗೆ ಸರಿಯಾಗಿ ಬುಡು."

ಗಾಡಿಯ ಯೋಗ್ಯತೆ ಗೊತ್ತಾದದ್ದು ಆಗ. ನಾಲ್ಕು ಹೆಜ್ಜೆ ಹೋಗಿ ಗೊಳಗೊಳ ಎಂದು ಕೆಮ್ಮಿ ನಿಂತಿತು. ಒದ್ದ, ಹೊರಟಿತು, ನಿಂತಿತು. ಮತ್ತೆ ಒದ್ದ.

"ಇದು ನಿಧಾನದ ಗಾಡಿ ಅಲ್ಲತ್ತಿಗೆ. ಟಾಪ್ ಸ್ಪೀಡಿಗೆ ಅಂತ ಸೆಟ್ಟಿಂಗ್ ಮಾಡಿವ್ನಿ. ನಿಧಾನಕ್ಕೆ ಬುಟ್ರೆ ಪೆಟ್ರೋಲ್ ಜಾಸ್ತಿ ಆಗಿ ಮುಳುಗೋಯ್ತದೆ."

"ಓಡಾಕೆ ಬತ್ತದೆ, ನಡೆಯಾಕೆ ಬರಾಕಿಲ್ಲ ಅನ್ನು. ನನ್ ಮಗಳು ವರ್ಸ ತುಂಬೋದ್ರೊಳಗೆ ನಡೆದ್ಲು ಕಣಪ್ಪ."

ಅವನಿಗೆ ರೋಷ ಬಂದು ಆಕ್ಸಿಲರೇಟರ್ ತಿರುವಿದ. ಗಾಡಿ ಚಂಗನೆ ನೆಗೆಯಿತು. ಚಂದ್ರಿಕೆಗಳು ಗಾಳಿ ಹೊಕ್ಕು ಮೇಲೆದ್ದವು. ಅಂಚು ಬಿಡಲಾರದೆ ಲತಾಮಣಿ ಸೀರೆ ತೊಡರಿಸಿಕೊಂಡು ಹಿಂದೆ ಓಡಿದಳು. "ನಿಲ್ಸೋ! ನಿಲ್ಸೋ ನಿನ್ ಮನೆ ಕಾಯೋಗ!"

ನಿಲ್ಲಿಸಿದ. ನಿಲ್ಲಿಸಿ, ರೋಡಿನಲ್ಲೇ ಕೂತು ಎಡಗಡೆಯ ಕಾರ್ಬೊರೇಟರಿನ ಸ್ಕ್ರೂ ಒಂದಿಷ್ಟು, ಬಲಗಡೆಯದು ಒಂದಿಷ್ಟು ತಿರುವಿದ. ಭರ್ರ್ ಎನ್ನಿಸಿದ. ಕಣ್ಣು ಮುಚ್ಚಿ ಸಂಗೀತ ಕೇಳುವವನಂತೆ ತಲೆಯಾಡಿಸಿದ. ಎರಡು ಸೈಲೆನ್ಸರುಗಳ ಹೊಗೆ ಹಿಂದಕ್ಕೆ ಬಂದು ಚಂದ್ರಿಕೆಯ ಅಡಿಗೆ ತುಂಬಿಕೊಂಡಿತು. ಲತಾಮಣಿ ಬಗ್ಗಿ ನೋಡಿದಳು. ತೀರಾ ಕೆಳಗಿನ ಚಂದ್ರಿಕೆಯ ಬಿದಿರಿನ ಸುರುಳಿಗಳ ಮೇಲೆ ಕಪ್ಪು ಎಣ್ಣೆ ಹನಿಹನಿಯಾಗಿ ಚಿಮ್ಮಿತ್ತು. ಮೂಸಿದಳು. ಮುಗಿಯಿತು ಅದರ ಕಥೆ.

ಕೈ ಚಾಚಿ ಕೀ ತಿರುವಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಗ್ಗ ಬಿಚ್ಚಿ ಕೆಟ್ಟ ಚಂದ್ರಿಕೆಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡು, ಉಳಿದ ಮೂರನ್ನು ಮತ್ತೆ ಬಿಗಿಸಿದಳು.

"ತಳ್ಳು."

"ಅತ್ತಿಗೆ! ಯಾರಾದ್ರೂ ನೋಡುದ್ರೆ?"

"ನೋಡ್ಲಿ ಅಂತ ತಾನೆ ಬೋರ್ ಕೊರೆಸಿದ್ದು? ನೋಡ್ಲಿ, ತಳ್ಳು."

ಮೋರಿಯ ಹತ್ತಿರ ಕುರಿ ಮೇಯಿಸುತ್ತಿದ್ದ ಶ್ರೀನಿವಾಸ್ ಹಲ್ಲು ಕಿರಿದ. "ಏನ್ಲಾ ಅಶ್ವಥ, ತಳ್ಳೋ ಗಾಡಿ ಯಾವಾಗ ತಗಂಡೆ? ತರಕಾರಿ ಯಾಪಾರ್ವಾ?"

ಅಶ್ವಥ್ ತಲೆ ಎತ್ತಲಿಲ್ಲ. ಅಷ್ಟು ದೊಡ್ಡ ಇಂಜಿನ್ ಹೊತ್ತ ಗಾಡಿ ತಳ್ಳಲು ಕತ್ತೆಯಷ್ಟು ಭಾರವಿತ್ತು. ಸದ್ದಿಲ್ಲ, ಹೊಗೆಯಿಲ್ಲ, ಒಂದೇ ಸಮ ನಡಿಗೆ. ತಂದ ದಿನದಿಂದ ಅದು ಮಾಡಿದ ಮೊದಲ ಕೆಲಸ.

ಮನೆ ಸೇರುವ ಹೊತ್ತಿಗೆ ಕೆಲವು ಹುಳುಗಳು ತಟ್ಟೆಯ ಅಂಚಿನಲ್ಲೇ ನೂಲು ಎಳೆಯತೊಡಗಿದ್ದವು. ಅತ್ತೆ ಸೊಸೆ ಮೂರು ಚಂದ್ರಿಕೆ ತುಂಬಿಸಿದರು. ಮಿಕ್ಕವಕ್ಕೆ ಒಣಗಿದ ಸೊಪ್ಪಿನ ಕಡ್ಡಿಗಳನ್ನೇ ಹರಡಿದರು. ಅದರಲ್ಲಿ ಗೂಡು ಸೊಟ್ಟಪಟ್ಟ ಆಗುತ್ತದೆ, ಹರಾಜಿನಲ್ಲಿ ಮೂಗು ಮುರಿಯುತ್ತಾರೆ, ಆದರೂ ಕೈಗೆ ಬರುತ್ತದೆ.

ಅಶ್ವಥ್ ಬಾಗಿಲಲ್ಲಿ ನಿಂತ. "ನಾನೂ ಹುಳ ಆರುಸ್ಲಾ ಅತ್ತಿಗೆ?"

"ನಿನ್ನ ಕೈ ಮೂಸ್ಕೊಂಡು ನೋಡು. ಪೆಟ್ರೋಲ್ ಬಂಕು. ಒಳಗೆ ಕಾಲಿಕ್ಕುದ್ರೆ ಇರೋವೂ ಸಾಯ್ತವೆ."

ಅವನು ತೊಟ್ಟಿಯ ಪಕ್ಕದಲ್ಲಿ ಮುನಿರತ್ನಮ್ಮನ ಚಂದ್ರಿಕೆಯನ್ನು ಸೋಪು ಹಾಕಿ ಉಜ್ಜುತ್ತ ಕೂತ. ಸುಮಾರು ಹೊತ್ತಾದ ಮೇಲೆ ಮೆಲ್ಲಗೆ ಕೇಳಿದ: "ಅತ್ತಿಗೆ, ಒಂದ್ಸಲ ಕೀ ಕೊಡು. ಈಗ ಎರಡೂ ಸಮ ಆಗೈತೆ ಅನ್ನುಸ್ತದೆ. ಬರೀ ಕೇಳುಸ್ಬುಟ್ಟು ಆಫ್ ಮಾಡ್ತೀನಿ."

ಲತಾಮಣಿ ಸೊಂಟದ ಕೀ ಮುಟ್ಟಿ ನೋಡಿಕೊಂಡಳು. "ಗೂಡು ಬುಡ್ಸಿ ಮಾರ್ಕೆಟ್ಟಿಗೆ ಹೋದ್ಮೇಲೆ. ಮೊದ್ಲು ಆ ಮೂಲೆ ಇನ್ನೊಂದ್ಸಲ ಉಜ್ಜು. ಇಲ್ಲೀಗಂಟ ನಾರ್ತಾ ಐತೆ."