ಚಿನ್ನದ ಹಳ್ಳದ ಮೀನು

ಬೂದಿ ಹಚ್ಚಿ ಹಿಡಿದರೂ ಜಾರುತ್ತದೆ, ಬಾಳೆಮೀನಿಗೆ ಹುರುಪೆ ಇಲ್ಲ, ಮೈಯೆಲ್ಲ ಲೋಳೆ, ಇನ್ನೊಂದು ಹಿಡಿ ಬೂದಿ ಹಾಕಿ ತಿಕ್ಕಬೇಕು, ಹಾಂ ಈಗ ಹಿಡಿತಕ್ಕೆ ಬಂತು, ಈಳಿಗೆಮಣೆಯನ್ನು ಕಾಲಿನಿಂದ ಒತ್ತಿಕೊಂಡು ಕಿವಿರಿನ ಪಕ್ಕಕ್ಕೆ ಅಲುಗು ಕೊಟ್ಟರೆ ಕರಕ್ಕೆಂದು ತಲೆ ಬೇರೆ — ಎಷ್ಟು ದಪ್ಪ ಈ ಸಲದ್ದು, ಒಗೆಯುವ ಕಲ್ಲಿನ ಮೇಲೆ ಮಲಗಿಸಿದರೆ ಬಾಲ ಆಚೆ ಬೀಳುತ್ತದೆ, ವರ್ಷಗಟ್ಟಲೆ ಹಳ್ಳದ ಮಡುವಿನ ತಳದಲ್ಲಿ ಕೂತು ತನಗಿಂತ ಚಿಕ್ಕದನ್ನೆಲ್ಲ ನುಂಗಿ ನುಂಗಿ ಬೆಳೆದದ್ದು, ಹೊನ್ನಯ್ಯಮಾವ ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ತಂದ, ಸೀಟಿನ ಕೆಳಗೆ ಪಟಪಟ ಬಡಿದುಕೊಳ್ಳುತ್ತಿತ್ತಂತೆ, ಯಜಮಾನ್ರೇ ಜೀವ ಇದೆಯಲ್ರೀ ಅದಕ್ಕೂ ಒಂದು ಟಿಕೆಟ್ ತಗಳ್ಳಿ ಅಂದನಂತೆ ಕಂಡಕ್ಟರ್, ಅಯ್ಯೋ ಮಾರಾಯ ಬಸುರಿ ಹುಡುಗಿಗೆ ಒಯ್ತಿದೀನಿ ಬೇಕಾದ್ರೆ ಅರ್ಧ ಟಿಕೆಟ್ ಹಾಕು ಅಂದೆ ನಾನು, ಎಂದು ಜಗಲಿಯಲ್ಲಿ ಕೂತು ತಾನೇ ನಗುತ್ತಾನೆ, ಅವನ ಅಕ್ಕ, ನನ್ನ ಅತ್ತೆ ಮಾಸ್ತಮ್ಮ, ಅವಳೂ ನಗುತ್ತಾಳೆ, ನಡುಮನೆಯಿಂದ ಮೈತ್ರಿಯೂ ನಗುತ್ತಾಳೆ, ಬಸುರಿ ಎಂದರೆ ಅವಳೇ, ನನ್ನ ಮೈದುನ ಭೀಮೇಶನ ಹೆಂಡತಿ, ಈ ಮನೆಯ ಚಿಕ್ಕ ಸೊಸೆ, ಮೀನು ಬರುವುದು ಅವಳಿಗೆ, ಸೀಳುವುದು ನಾನು. ಹೊಟ್ಟೆ ಸೀಳಿದರೆ ಒಳಗೊಂದು ಸಣ್ಣ ಮೀನು, ಇನ್ನೂ ಕರಗಿಲ್ಲ, ಕಣ್ಣು ಮಾತ್ರ ಬೆಳ್ಳಗಾಗಿದೆ. ಅತ್ತೆಯ ತವರೂರಿನ ಹಳ್ಳದ್ದು ಇದು, ಬ್ರಿಟಿಷರ ಕಾಲದಲ್ಲಿ ಅಲ್ಲಿ ಚಿನ್ನದ ಗಣಿ ಇತ್ತು, ಈಗ ಹುಲ್ಲೂ ಹುಟ್ಟದ ಒಂದು ಮಣ್ಣುಗುಡ್ಡೆ ಉಳಿದಿದೆ, ಗುಡ್ಡೆಯ ಬುಡದಲ್ಲಿ ಹರಿಯುವುದನ್ನು ಚಿನ್ನದ ಹಳ್ಳ ಅನ್ನುತ್ತಾರೆ, ಆ ಊರಿನ ಹೆಂಗಸರದು ಅದೊಂದು ಪದ್ಧತಿ, ಬಸುರಿಯಾದವಳು ಆ ಹಳ್ಳದ ಮೀನಿನ ನಡುವಿನ ಹೋಳು ತಿನ್ನಬೇಕು, ಮೀನು ದೊಡ್ಡದಿದ್ದಷ್ಟೂ ಒಳ್ಳೆಯದು, ಹುಟ್ಟುವ ಮಗುವಿಗೆ ಚಿನ್ನದ ಬಣ್ಣ ಬರುತ್ತದೆ.

ನನಗೂ ತಿನ್ನಿಸಿದಳು ಅತ್ತೆ, ನನಗಂತೂ ಬಾಯಿಗೆ ತುರುಕಿ ತಿನ್ನಿಸಿದಳು, ಯಾಕೆಂದರೆ ನನ್ನ ಹೆಸರು ಕರಿಬಸಮ್ಮ, ಮೈಬಣ್ಣವೂ ಹಾಗೇ, ಹೆಸರಿಟ್ಟೋರು ನೋಡೇ ಇಟ್ಟಿದಾರೆ ಎಂದು ಹೆಣ್ಣು ನೋಡಲು ಬಂದ ದಿನವೇ ಅಂದವಳು, ಬಸುರಿಯಾದೆ ಎಂದು ಗೊತ್ತಾದ ಮೇಲೆ ಪ್ರತಿ ಭಾನುವಾರ ಹೊನ್ನಯ್ಯಮಾವ, ಪ್ರತಿ ಭಾನುವಾರ ಗೋಣಿಚೀಲ, ವಾಂತಿ ಬರುತ್ತೆ ಅತ್ತೆ ಅಂದರೆ ಬರ್ಲಿ ಮಾರಾಯ್ತಿ, ಅರ್ಧ ಹೋದ್ರೆ ಅರ್ಧ ಉಳಿಯುತ್ತೆ, ನಿನ್ನ ಕಪ್ಪು ತೊಳೀಬೇಕಲ್ಲ, ಇನ್ನೆರಡು ಹೋಳು ಹಾಕ್ಕೋ. ಹುಟ್ಟಿದಳು ಇಂಪನಾ, ಬೆಳ್ಳಗೆ ಹುಟ್ಟಿದಳು, ಕೆಂಪು ಬೆಳ್ಳಗೆ, ಓಣಿಯವರೆಲ್ಲ ಬಂದು ನೋಡಿದರು, ಜನ್ನಾಪುರದಲ್ಲೇ ಇಂಥ ಮಗು ಇಲ್ಲ, ಅತ್ತೆ ಸಕ್ಕರೆ ಹಂಚಿದಳು, ಹಾಲೇಶ, ನನ್ನ ಗಂಡ, ಕಾರ್ಖಾನೆಯ ಗೆಳೆಯರಿಗೆಲ್ಲ ಚಹಾ ಕೊಡಿಸಿದ — ಆಮೇಲೆ ಕತ್ತು ನಿಲ್ಲಲಿಲ್ಲ, ಕಣ್ಣು ದೀಪದ ಹಿಂದೆ ಹೋಗಲಿಲ್ಲ, ಕೂರುವ ತಿಂಗಳಲ್ಲಿ ಕೂರಲಿಲ್ಲ, ನಡೆಯುವ ವಯಸ್ಸಿನಲ್ಲಿ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿತ್ತು, ಇವತ್ತಿಗೂ ಅಮ್ಮ ಅನ್ನಲಾರಳು, ಕೈ ನಡುಗುತ್ತದೆ, ತುತ್ತು ಬಾಯಿಗೆ ಬರುವಷ್ಟರಲ್ಲಿ ಚೆಲ್ಲುತ್ತದೆ. ಅತ್ತೆ ಲೆಕ್ಕ ಬೇರೆ ಮಾಡಿಟ್ಟಳು, ಬಣ್ಣ ನಮ್ಮ ಹಳ್ಳ ಕೊಟ್ಟಿದ್ದು, ಉಳಿದಿದ್ದು ನಿನ್ನ ತವರಿಂದು, ಯಾವ ಬಸಿರೋ ಏನೋ ನಿಂದು, ಚಿನ್ನ ಹಾಕಿದ್ರೂ ಕಸ ಬರುತ್ತೆ. ನೆಂಟರ ಎದುರು ಅಂದಳು, ಹಾಲಿನವನ ಎದುರು ಅಂದಳು, ಹಾಲೇಶ ಕೇಳಿಸಿಕೊಂಡ, ಆಮೇಲೆ ನನ್ನ ಚಾಪೆಯ ಕಡೆ ಬರುವುದನ್ನೇ ಬಿಟ್ಟ, ಇನ್ನೊಂದು ಹಿಂಗೇ ಆದ್ರೆ ಏನ್ ಮಾಡೋದು ಅಂದ, ಗೋಡೆ ನೋಡಿಕೊಂಡು. ಅತ್ತೆ ಮಾತ್ರ ಹೆತ್ತದ್ದು ನಾಲ್ಕು, ಉಳಿದದ್ದು ಎರಡು, ಹೋದ ಎರಡರ ಬಗ್ಗೆ ಯಾರೂ ಕೇಳುವುದಿಲ್ಲ, ಅವಳದು ಯಾವ ಬಸಿರು ಎಂದು ಯಾರೂ ಅನ್ನುವುದಿಲ್ಲ.

ಕರುಳನ್ನು ಕಾಗೆಗೆ ಎಸೆದೆ, ಬೆನ್ನಿನ ಒಳಗಿನ ಕಪ್ಪು ರಕ್ತವನ್ನು ಹೆಬ್ಬೆರಳಲ್ಲಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಸಾರು ಕಹಿ — ಇಂಪನಾ ಅಲ್ಲೇ ಬಟ್ಟೆ ತಂತಿಯ ಕೆಳಗೆ ಚಾಪೆಯ ಮೇಲೆ ಬಿದ್ದುಕೊಂಡಿದ್ದಾಳೆ, ಒಣಹಾಕಿದ ಸೀರೆಯ ನೆರಳು ಅವಳ ಮುಖದ ಮೇಲೆ ಹೋಗುತ್ತದೆ ಬರುತ್ತದೆ, ಒಂಬತ್ತು ವರ್ಷದ ಹುಡುಗಿ, ಈಗಲೂ ಚೆಲುವೆ, ಮಲಗಿದ್ದಾಗ ನೋಡಿದವರು ಎಂಥ ಮಗು ಅನ್ನುತ್ತಾರೆ. ಅವಳು ಬಾಯ್ತುಂಬ ನಕ್ಕಿದ್ದು ಒಂದೇ ಸಲ, ಅತ್ತೆಯ ದೇವರ ಗೂಡಿನಲ್ಲಿ ಒಂದು ಗಾಜಿನ ಸೀಸೆ ಇತ್ತು, ಅದರಲ್ಲಿ ಪಾದರಸ, ಹುಡುಗಿಯಾಗಿದ್ದಾಗ ಹಳ್ಳದ ಮರಳಿನಿಂದ ಹೆಕ್ಕಿದ್ದಂತೆ, ಮರಳು ಕೆದಕಿದರೆ ಬೆಳ್ಳಿಯ ಮಣಿಗಳು ತಾವಾಗಿ ಉರುಳಿ ಬರುತ್ತಿದ್ದವಂತೆ, ಅಕ್ಕ ತಮ್ಮ ಇಬ್ಬರೂ ಅಂಗೈಯಲ್ಲಿ ಆಡಿಸಿ ಅಕ್ಕಸಾಲಿಗರಿಗೆ ಕೊಟ್ಟು ಬೆಲ್ಲ ತಿನ್ನುತ್ತಿದ್ದರಂತೆ, ಒಂದು ಸೀಸೆಯನ್ನು ಲಕ್ಷ್ಮಿ ಎಂದು ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿ ತಂದಳು, ದೀಪ ಹಚ್ಚುವಾಗ ಅತ್ತೆಯದೇ ನಡುಗುವ ಕೈ ತಗುಲಿ ಸೀಸೆ ಬಿತ್ತು, ಒಡೆಯಿತು, ಕೆಂಪು ನೆಲದ ಮೇಲೆ ಒಂದು ಮಣಿ ಉರುಳಿ ಉರುಳಿ ಇಂಪನಾಳ ಮುಂದೆ ಬಂದು ನಿಂತಿತು, ಅವಳ ಡೊಂಕು ಬೆರಳು ನಡುಗುತ್ತ ಇಳಿಯಿತು, ಮಣಿಯ ಮೇಲೆ ಊರಿತು, ಒಂದು ಎರಡಾಯಿತು. ನಕ್ಕಳು. ಎರಡೂ ದುಂಡಗೆ, ಎರಡೂ ಹೊಳೆಯುತ್ತ, ಒಂದರ ಹಾಗೇ ಇನ್ನೊಂದು.

ಮಳೆಗಾಲಕ್ಕೆ ಮೊದಲು ಅವಳ ಸೆಳೆತ ಜಾಸ್ತಿಯಾಗಿ ಶಿವಮೊಗ್ಗದ ಆಸ್ಪತ್ರೆಗೆ ಒಯ್ದಿದ್ದು, ಹಾಲೇಶ ಚಹಾ ಕುಡ್ಕೊಂಡು ಬರ್ತೀನಿ ಎಂದು ಹೊರಗೆ ಹೋದ, ಒಳಗೆ ನಾನು, ಇಂಪನಾ, ಆ ಹುಡುಗಿ ಡಾಕ್ಟರು, ಇಷ್ಟು ವರ್ಷ ಯಾರೂ ಕೇಳದ್ದನ್ನು ಕೇಳಿದಳು, ಬಸುರಿಲಿ ಏನ್ ತಿಂತಿದ್ರಿ ಅಮ್ಮ, ಎಲ್ಲಿಯ ನೀರು, ನಾನು ಹೆಮ್ಮೆಯಿಂದಲೇ ಹೇಳಿದೆನಲ್ಲ, ಚಿನ್ನದ ಹಳ್ಳದ ಮೀನು, ಹಳೇ ಗಣಿ ಹತ್ರದ್ದು, ಅವಳ ಪೆನ್ನು ನಿಂತಿತು. ಗಣಿಯವರು ಚಿನ್ನ ಹಿಡಿಯೋಕೆ ಪಾದರಸ ಹಾಕ್ತಿದ್ರು ಅಮ್ಮ, ಅದು ಎಲ್ಲೂ ಹೋಗಲ್ಲ, ಕೆಸರಲ್ಲೇ ಕೂತಿರುತ್ತೆ, ಕೆಸರಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ, ಮೀನು ದೊಡ್ಡದಿದ್ದಷ್ಟೂ ವಿಷ ಜಾಸ್ತಿ, ತಾಯಿಗೆ ಏನೂ ಆಗದೇ ಇರಬಹುದು, ಹೊಟ್ಟೆಯಲ್ಲಿರೋ ಮಗು ಎಳ್ಕೊಂಡುಬಿಡುತ್ತೆ, ಇದರಿಂದಲೇ ಅಂತ ಈಗ ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಮನೇಲಿ ಯಾರಾದ್ರೂ ಬಸುರಿ ಇದ್ರೆ ಆ ಮೀನು ಮುಟ್ಟಿಸಬೇಡಿ, ತಿಳೀತಾ. ತಿಳಿಯಿತು. ಏನಂದ್ರು ಡಾಕ್ಟ್ರು ಎಂದು ಹಾಲೇಶ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ, ಮಾತ್ರೆ ಬದಲು ಮಾಡಿದಾರೆ ಅಂದೆ, ಇವನೊಬ್ಬನಿಗೆ ಯಾಕೆ, ಅತ್ತೆಯ ಮುಂದೆ, ಎಲ್ಲರ ಮುಂದೆ ಹೇಳುತ್ತೇನೆ ಎಂದುಕೊಂಡೆ, ಭದ್ರಾವತಿ ತನಕ ಮಾತು ಜೋಡಿಸಿಕೊಂಡೆ, ನಾಲಿಗೆಯ ತುದಿಗೆ ತಂದುಕೊಂಡೇ ಹೊಸಿಲು ದಾಟಿದೆ — ಆಗ ಮೈತ್ರಿ ಎದುರು ಬಂದಳು, ಹೊಟ್ಟೆಯ ಮೇಲೆ ಕೈ, ಅಕ್ಕಾ ಬೇಜಾರು ಮಾಡ್ಕೋಬೇಡಿ, ಬಸುರಿಲಿ ಏನು ನೋಡ್ತೀವೋ ಅದೇ ಥರ ಹುಟ್ಟುತ್ತಂತೆ, ನಮ್ಮಮ್ಮ ಹೇಳಿದ್ರು, ಇಂಪನಾಳ ಚಾಪೆ ಹಿತ್ತಲಿಗೆ ಹಾಕ್ತೀರಾ. ಅತ್ತೆ ಆಗಲೇ ಚಾಪೆ ಸುತ್ತಿಟ್ಟಿದ್ದಳು. ಹಾಲೇಶ ಚಪ್ಪಲಿ ಬಿಡುತ್ತ, ಹೌದೌದು, ಯಾಕೆ ಸುಮ್ನೆ ರಿಸ್ಕು ಅಂದ. ಯಾರ ಮಗಳು ಇವಳು. ನಾಲಿಗೆಯ ತುದಿಯಲ್ಲಿದ್ದದ್ದನ್ನು ನುಂಗಿದೆ, ಚಾಪೆ ತಂದು ಹಿತ್ತಲಲ್ಲಿ ಹಾಸಿದೆ, ಮುಂದಿನ ಭಾನುವಾರ ಮೀನು ಬಂತು, ಸೀಳಿದೆ, ಬೇಯಿಸಿದೆ, ಬಡಿಸಿದೆ, ನಡುವಿನ ಹೋಳು, ಮೈತ್ರಿ ತಿಂದಳು, ಅತ್ತೆ ಅವಳ ಬೆನ್ನು ಸವರಿದಳು. ನಾಳೆ ಹೇಳಿದರಾಯಿತು ಎಂದುಕೊಂಡೆ, ದಿನವೂ ಅಂದುಕೊಳ್ಳುತ್ತೇನೆ, ಹೇಳಿದರೆ ಏನು ಅನ್ನುತ್ತಾಳೆ ಅತ್ತೆ, ಹೊಟ್ಟೆಕಿಚ್ಚು ನಿಂಗೆ ಅನ್ನುತ್ತಾಳೆ, ಡಾಕ್ಟರು ಖಚಿತವಾಗಿ ಹೇಳೋಕಾಗಲ್ಲ ಅಂದರಲ್ಲ, ಖಚಿತವಾಗುವುದು ಹೇಗೆ, ಇನ್ನೊಂದು ಹುಟ್ಟಿದರೆ, ಬೆಳ್ಳಗೆ ಹುಟ್ಟಿ ಕತ್ತು ನಿಲ್ಲದಿದ್ದರೆ, ಆಗ ಯಾರ ತವರಿಂದು ಅನ್ನುತ್ತಾಳೆ, ಯಾವ ಬಸಿರು ಅನ್ನುತ್ತಾಳೆ, ಬೇರೆ ಹೆಣ್ಣು, ಬೇರೆ ತವರು, ಅದೇ ಮೀನು — ಥೂ, ಏನು ಯೋಚನೆ ಇದು, ಉಪ್ಪು ಹಾಕಿ ತೊಳೆ, ಹುಣಸೆಹುಳಿ ಹಿಂಡು, ಕೈಯ ವಾಸನೆ ಹೋಗುವುದಿಲ್ಲ.

ಹೋಳು ಬೋಗುಣಿಗೆ ಹಾಕುತ್ತಿದ್ದೇನೆ, ಬೆನ್ನ ಹಿಂದೆ ಬಳೆ ಸದ್ದು, ಮೈತ್ರಿ, ಹಿತ್ತಲಿಗೆ ಬಂದವಳೇ ಅಲ್ಲ ಇಷ್ಟು ದಿನ, ಮುಖ ಬಾಡಿದೆ, ಇಂಪನಾಳ ಕಡೆ ತಿರುಗದಂತೆ ಸೆರಗನ್ನು ಕೆನ್ನೆಗೆ ಮರೆ ಹಿಡಿದುಕೊಂಡು ನನ್ನ ಪಕ್ಕ ಕುಕ್ಕರಿಸುತ್ತಾಳೆ, ಪಿಸುಗುಡುತ್ತಾಳೆ, ಅಕ್ಕಾ ಅತ್ತೆಗೆ ಹೇಳ್ಬೇಡಿ, ನಂಗೆ ಈ ಮೀನು ಸೇರ್ತಿಲ್ಲ, ವಾಸನೆಗೇ ಹೊಟ್ಟೆ ತೊಳೆಸುತ್ತೆ, ಬಾಯೆಲ್ಲ ಕಬ್ಬಿಣ ಕಬ್ಬಿಣ, ನಿಮಗೂ ಹಿಂಗೇ ಆಗಿತ್ತಾ. ಆಗಿತ್ತು. ಅವಳ ಕೈ ನನ್ನ ತೋಳಿನ ಮೇಲಿದೆ, ಬೆಚ್ಚಗಿದೆ, ಚಿಕ್ಕ ಹುಡುಗಿಯೇ ಇನ್ನೂ, ಪಿ.ಯು.ಸಿ. ಮುಗಿಸಿ ನೇರ ಬಂದವಳು, ಉಗುರಿಗೆ ಬಣ್ಣ ಹಚ್ಚಿದ್ದಾಳೆ, ನಮ್ಮಮ್ಮನೂ ದೂರ ಇದಾರೆ ಅಕ್ಕಾ, ಇಲ್ಲಿ ನೀವೇ ನಂಗೆ, ನೀವು ಬೇಡ ಅಂದ್ರೆ ಬಚ್ಚಿಟ್ಟು ಬಿಸಾಕ್ತೀನಿ, ತಿನ್ನು ಅಂದ್ರೆ ಹೆಂಗಾದ್ರೂ ತಿಂತೀನಿ, ಹೇಳಿ. ಒಂದು ಮಾತು. ಬೇಡ ಎಂದರೆ ಸಾಕು, ಕಾರಣವೂ ಬೇಕಾಗಿಲ್ಲ, ಕಾಗೆ ತಿನ್ನುತ್ತದೆ, ನಾಯಿ ತಿನ್ನುತ್ತದೆ, ಯಾರಿಗೂ ತಿಳಿಯುವುದಿಲ್ಲ, ನಾಲಿಗೆ ಏಳುತ್ತದೆ, ಬೇ ಎಂದು ತುಟಿ ಕೂಡುತ್ತದೆ — ಇಂಪನಾ ಚಾಪೆಯ ಮೇಲೆ ಹೊರಳುತ್ತಾಳೆ, ಅವಳದೇ ಆ ಸದ್ದು, ಹೂಂ ಎಂದು ಉದ್ದಕ್ಕೆ, ಮೈತ್ರಿ ಬೆಚ್ಚಿ ಹೊಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಳ್ಳುತ್ತಾಳೆ, ಶಿವನೇ ಎಂದು ಕಣ್ಣು ಮುಚ್ಚುತ್ತಾಳೆ, ದೆವ್ವ ಕಂಡವರ ಹಾಗೆ. ಇಂಪನಾಳ ಜೊಲ್ಲು ಒರೆಸೋಣವೆಂದರೆ ನನ್ನ ಕೈಯಲ್ಲಿ ಮೀನಿನ ರಕ್ತ. ತಿನ್ನು ಮೈತ್ರಿ, ಅನ್ನುತ್ತೇನೆ, ದನಿ ಎಷ್ಟು ಮೆತ್ತಗಿದೆ ನನ್ನದು, ಮೂಗು ಮುಚ್ಕೊಂಡು ತಿನ್ನು, ಒಳ್ಳೇ ಬಣ್ಣ ಬರುತ್ತೆ. ಹೂಂ ಅಕ್ಕಾ. ಎದ್ದು ಹೋಗುತ್ತಾಳೆ, ಹಗುರಾದ ಹೆಜ್ಜೆ, ಒಳಗೆ ಅತ್ತೆ ಏನೋ ಕೇಳುತ್ತಾಳೆ, ಮೈತ್ರಿ ನಗುತ್ತಾಳೆ, ನಾನು ಬೋಗುಣಿಯಿಂದ ನಡುವಿನ ಹೋಳನ್ನು ಹೆಕ್ಕಿ ಬೇರೆ ಇಡುತ್ತೇನೆ, ಅದರ ಪಕ್ಕ ಇನ್ನೊಂದು, ಮುಂದಿನ ಭಾನುವಾರವೂ ಇಡುತ್ತೇನೆ, ಅದರ ಮುಂದಿನದ್ದಕ್ಕೂ, ಕೇಳಿದವರಿಗೆ ಮಾತ್ರೆ ಬದಲು ಮಾಡಿದಾರೆ, ಅಷ್ಟೇ — ನೆರಳು ಸರಿದು ಇಂಪನಾಳ ಮುಖಕ್ಕೆ ಬಿಸಿಲು, ನನ್ನ ಕಣ್ಣ ಮುಂದೆ ಮತ್ತೆ ಆ ಕೆಂಪು ನೆಲ, ಮಣಿ ಉರುಳಿ ಬಂದು ನಿಂತಿದೆ, ಡೊಂಕು ಬೆರಳು ನಡುಗುತ್ತ ಇಳಿಯುತ್ತದೆ, ಊರುತ್ತದೆ, ಒಂದು ಎರಡಾಗುತ್ತದೆ, ಎರಡೂ ದುಂಡಗೆ, ಎರಡೂ ಹೊಳೆಯುತ್ತ, ಒಂದು ಎರಡಾಗುತ್ತದೆ, ಒಂದು