ಮುಕುಂದನ ಮೊದಲ ಹಾರಾಟ

ಮುಳಬಾಗಿಲಿನಲ್ಲಿ ತೆರಿಗೆ ಲೆಕ್ಕ ನೋಡುವ ಮುಕುಂದ್ ಸಂಜೆ ಆಫೀಸಿನಿಂದ ಬಂದು, ಸಂಧ್ಯಾವಂದನೆ ಮುಗಿಸಿ, ಒಂದು ಲೋಟ ಕಾಫಿ ಕುಡಿದು ವಿಮಾನ ಹಾರಿಸಲು ಕೂರುತ್ತಿದ್ದ.

ಅದಕ್ಕೆಂದೇ ನಡುಮನೆಯ ಪಕ್ಕದ ಕೋಣೆಯಲ್ಲಿ ಒಂದು ಮೇಜು. ಮೇಜಿನ ಮೇಲೆ ಕಂಪ್ಯೂಟರಿನ ದೊಡ್ಡ ಸ್ಕ್ರೀನು, ಕಾರಿನ ಸ್ಟೇರಿಂಗನ್ನು ಅರ್ಧ ಕತ್ತರಿಸಿಟ್ಟಂಥ ಒಂದು ಹಿಡಿ, ಕೆಳಗೆ ಕಾಲಿಗೆ ಎರಡು ಪೆಡಲು. ಕಿವಿಗೆ ಹೆಡ್‌ಫೋನು, ಬಾಯಿಯ ಮುಂದೆ ಮೈಕು. ಕೊಚ್ಚಿಯಲ್ಲೋ ಪೋಲೆಂಡಿನಲ್ಲೋ ತಮ್ಮ ತಮ್ಮ ಮನೆಯಲ್ಲಿ ಕೂತ ಇವನಂಥ ಹವ್ಯಾಸಿಗಳು ಇಂಟರ್‌ನೆಟ್ಟಿನಲ್ಲಿ ವಿಮಾನ ನಿಲ್ದಾಣದ ಕಂಟ್ರೋಲರುಗಳಾಗುತ್ತಿದ್ದರು. ಅವರ ಜೊತೆ ಮುಕುಂದ್ ಗಂಭೀರವಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಅವನ ತಾಯಿ ತಿರುಮಲಮ್ಮ ಮೊದಮೊದಲು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಯಾರ ಹತ್ರನೋ ಅದು ಮಾತು?"

"ಕೊಚ್ಚಿ ಏರ್‌ಪೋರ್ಟ್ ಅಮ್ಮಾ. ಇಳಿಯೋಕೆ ಅಪ್ಪಣೆ ಕೇಳ್ತಿದೀನಿ."

"ಸರಿ, ಇಳಿದ್ಮೇಲೆ ಊಟಕ್ಕೆ ಬಾ. ಸಾರು ಆರಿಹೋಗತ್ತೆ."

ಆಟ ಎಂದು ಯಾರಾದರೂ ಅಂದರೆ ಮುಕುಂದನಿಗೆ ಬೇಸರವಾಗುತ್ತಿತ್ತು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಎಷ್ಟು ಇಂಧನ ಬೇಕು, ಎಲ್ಲಿಂದ ಕೆಳಗಿಳಿಯಲು ಶುರು ಮಾಡಬೇಕು ಎಲ್ಲವನ್ನೂ ಅವನು ಓದಿ ಕಲಿತಿದ್ದ. ಮಳೆಯಲ್ಲಿ, ಮಂಜಿನಲ್ಲಿ, ಅಡ್ಡಗಾಳಿಯಲ್ಲಿ ವಿಮಾನವನ್ನು ನೆಲಕ್ಕೆ ಮುಟ್ಟಿಸುವುದೆಂದರೆ ಅವನಿಗೆ ಬಲು ಇಷ್ಟ. ಚಕ್ರ ನೆಲ ಮುಟ್ಟಿ ವೇಗ ಇಳಿಯುವ ಹೊತ್ತಿಗೆ ದಿನವಿಡೀ ಹೊತ್ತುಕೊಂಡಿದ್ದ ಕಕ್ಷಿದಾರರ ಗೊಣಗಾಟವೆಲ್ಲ ಹಗುರಾಗುತ್ತಿತ್ತು.

ಇಷ್ಟಾದರೂ ಅವನು ನಿಜವಾದ ವಿಮಾನ ಹತ್ತಿರಲಿಲ್ಲ.

ಹತ್ತದಿರಲು ಪ್ರತಿ ಸಲವೂ ಒಂದು ಕಾರಣ ಸಿಗುತ್ತಿತ್ತು. ದೆಹಲಿಯ ಮದುವೆಗೆ ರೈಲಿನಲ್ಲಿ ಹೋದರೆ ದೇಶ ನೋಡಬಹುದು ಅಂದ. ಮಗಳು ಸೌಪರ್ಣಿಕಾಳನ್ನು ಪುಣೆಯ ಕಾಲೇಜಿಗೆ ಸೇರಿಸಲು ಹೋಗುವಾಗ ಸಾಮಾನು ಜಾಸ್ತಿ, ರೈಲೇ ವಾಸಿ ಅಂದ. ಒಮ್ಮೆ ಟಿಕೆಟ್ ಮಾಡಿಸಿ, ರಿಟರ್ನ್ ತುಂಬುವ ಕೊನೆಯ ದಿನ ಹತ್ತಿರ ಬಂತೆಂದು ರದ್ದು ಮಾಡಿದ್ದೂ ಉಂಟು. ಹೆಂಡತಿ ಶ್ರೀಪ್ರಿಯಾಗೆ ಇದೆಲ್ಲ ಅರ್ಥವಾಗಿತ್ತು. ಅವಳು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು, ವಿದ್ಯಾರ್ಥಿಗಳ ಜೊತೆ ಎರಡು ಮೂರು ಸಲ ವಿಮಾನದಲ್ಲಿ ಓಡಾಡಿದ್ದಳು. ಗಂಡನಿಗೆ ಹೆದರಿಕೆ ಎಂದು ಗೊತ್ತಿದ್ದರೂ ಬಾಯಿಬಿಟ್ಟು ಅಂದಿರಲಿಲ್ಲ.

ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ, ತಿಂಡಿ ತಿನ್ನುವ ಹೊತ್ತಿಗೆ ಶ್ರೀಪ್ರಿಯಾಳ ಫೋನು ರಿಂಗಾಯಿತು. ಸೌಪರ್ಣಿಕಾಳ ಹಾಸ್ಟೆಲಿನ ಗೆಳತಿ, ಮಾಲೂರಿನ ಹುಡುಗಿ ಚಂದನ.

"ಆಂಟಿ, ಗಾಬರಿ ಆಗ್ಬೇಡಿ. ಸೌಪರ್ಣಿಕಾಗೆ ಬೆಳಗ್ಗೆಯಿಂದ ತುಂಬಾ ಹೊಟ್ಟೆನೋವು. ಆಸ್ಪತ್ರೆಗೆ ಕರ್ಕೊಂಬಂದಿದೀನಿ. ಅಪೆಂಡಿಕ್ಸ್ ಅಂತೆ. ಇವತ್ತೇ ಆಪರೇಷನ್ ಮಾಡ್ಬೇಕು ಅಂತಿದಾರೆ. ಡಾಕ್ಟ್ರು ನಿಮ್ಮ ಹತ್ರ ಮಾತಾಡ್ಬೇಕಂತೆ, ಕೊಡ್ತೀನಿ."

ಶ್ರೀಪ್ರಿಯಾ ಡಾಕ್ಟರ ಮಾತು ಕೇಳಿ, ಒಪ್ಪಿಗೆ ಹೇಳಿ, ಮಗಳ ಜೊತೆ ಒಂದೆರಡು ಮಾತಾಡಿದಳು. ಮುಕುಂದ್ ಎಂಜಲು ಕೈಯಲ್ಲೇ ನಿಂತಿದ್ದ. ಅವನು ಕೈ ತೊಳೆದು ಬರುವಷ್ಟರಲ್ಲಿ ಅವಳು ಟಿಕೆಟ್ ಮಾಡಿಸಿಬಿಟ್ಟಿದ್ದಳು.

"ಮಧ್ಯಾಹ್ನದ ಫ್ಲೈಟ್. ಈಗ್ಲೇ ಹೊರಡ್ಬೇಕು."

"ಸಂಜೆ ಟ್ರೈನ್ ಒಂದಿದೆಯಲ್ಲ..."

"ಅದು ನಾಳೆ ಮುಟ್ಟತ್ತೆ ರೀ," ಅಂದಳು ಶ್ರೀಪ್ರಿಯಾ. ಅಷ್ಟೇ.

ಪಕ್ಕದ ಬೀದಿಯ ಅಮರನಾಥ್ ತನ್ನ ಕಾರು ತಂದ. ಟೊಮೆಟೊ ಮಂಡಿಯವನು. ಮುಕುಂದನೇ ಅವನ ಲೆಕ್ಕ ನೋಡುತ್ತಿದ್ದ. ಕೋಲಾರ ದಾಟಿ ನರಸಾಪುರದ ಹತ್ತಿರ ಶಿಫ್ಟು ಮುಗಿಸಿದವರ ಕಂಪನಿ ಬಸ್ಸುಗಳು ಸಾಲುಗಟ್ಟಿದ್ದವು. ಕಾರು ತೆವಳಿತು. ವಿಮಾನ ತಪ್ಪಿಹೋದರೆ ಎಂಬ ಯೋಚನೆ ಬಂದಾಗ ಮುಕುಂದನ ಎದೆ ಒಂದು ಕ್ಷಣ ಹಗುರಾಯಿತು. ಮರುಗಳಿಗೆಯೇ ಆಸ್ಪತ್ರೆಯ ಮಂಚದ ಮೇಲಿನ ಮಗಳು ನೆನಪಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು. ಮುಖ ಬೆವೆತಿದ್ದುದನ್ನು ಅಮರನಾಥ್ ಕನ್ನಡಿಯಲ್ಲಿ ನೋಡಿ, "ಏಮೀ ಕಾದು ಸಾರ್, ಏನೂ ಆಗಲ್ಲ. ನಮ್ ತಮ್ಮಂಗೂ ಆಗಿತ್ತು ಈ ಆಪರೇಷನ್ನು. ನಾಲ್ಕು ದಿನಕ್ಕೆ ತೋಟಕ್ಕೆ ಹೋದ," ಅಂದ.

ನಿಲ್ದಾಣದಲ್ಲಿ ಬಸ್ಸು ಅವರನ್ನು ವಿಮಾನದ ಬುಡಕ್ಕೆ ತಂದು ಬಿಟ್ಟಿತು. ಮುಕುಂದ್ ತಲೆಯೆತ್ತಿ ನೋಡಿದ. ಇದೇ ಮಾದರಿಯ ವಿಮಾನವನ್ನು ಅವನು ಎಷ್ಟೋ ಸಂಜೆ ಪುಣೆಗೆ ಒಯ್ದಿದ್ದ. ಅವನ ಸ್ಕ್ರೀನಿನಲ್ಲಿ ಅದು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಇದರ ಹೊಟ್ಟೆಯ ಮೇಲೆ ಎಣ್ಣೆಯ ಕಲೆ, ಮೊಳೆಗಳ ಸಾಲು, ಒಂದೆಡೆ ತೇಪೆ ಹಾಕಿದಂತೆ ಬೇರೆ ಬಣ್ಣ. ಬಿಸಿಗಾಳಿಗೆ ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಬಡಿಯಿತು. ಮೆಟ್ಟಿಲ ಮೇಲೆ ಕಾಲಿಡಲು ಹೋದವನು ನಿಂತುಬಿಟ್ಟ. ಹಿಂದಿನವರು ಪಕ್ಕದಿಂದ ದಾಟಿಕೊಂಡು ಹತ್ತತೊಡಗಿದರು.

ಶ್ರೀಪ್ರಿಯಾ ನಾಲ್ಕು ಮೆಟ್ಟಿಲು ಮೇಲೆ ಹೋಗಿದ್ದವಳು ತಿರುಗಿ ಇಳಿದು ಬಂದಳು.

"ಪ್ರಿಯಾ, ನನ್ನ ಕೈಲಿ..."

"ನೋಡಿ, ನೀವು ಬರದೇ ಇದ್ರೆ ನಂಗೆ ಕೋಪ ಇಲ್ಲ," ಅಂದಳು ಮೆಲ್ಲಗೆ. "ಅಮರನಾಥ್ ಇನ್ನೂ ದೂರ ಹೋಗಿರಲ್ಲ, ಫೋನ್ ಮಾಡಿದ್ರೆ ಬರ್ತಾರೆ. ಆದ್ರೆ ನಾನು ಹೋಗ್ತೀನಿ. ಅವಳು ಅಲ್ಲಿ ಒಬ್ಬಳೇ ಇದಾಳೆ."

ಅವಳು ಹತ್ತಿದಳು. ಮುಕುಂದ್ ಕಂಬಿ ಹಿಡಿದು, ಮೆಟ್ಟಿಲನ್ನು ಬಿಟ್ಟು ಬೇರೇನೂ ನೋಡದೆ ಅವಳ ಹಿಂದೆ ಹತ್ತಿದ.

ವಿಮಾನ ಮೇಲೇಳುವಾಗ ಬೆನ್ನು ಕುರ್ಚಿಗೆ ಒತ್ತಿಕೊಂಡಿತು. ಅವನ ಮನೆಯ ಕುರ್ಚಿ ಹಾಗೆ ಒಮ್ಮೆಯೂ ಒತ್ತಿರಲಿಲ್ಲ. ಸ್ವಲ್ಪ ಎತ್ತರಕ್ಕೆ ಹೋದ ಮೇಲೆ ಎಂಜಿನ್ನಿನ ಸದ್ದು ತಗ್ಗಿತು. ತಗ್ಗಲೇಬೇಕು, ಅದು ಪದ್ಧತಿ, ದಿನವೂ ಅವನೇ ಕೈಯಾರೆ ತಗ್ಗಿಸುತ್ತಿದ್ದ. ಆದರೂ ಅವನು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಪ್ರತಿಯೊಂದು ಸದ್ದೂ ಏನೆಂದು ಅವನಿಗೆ ಗೊತ್ತಿತ್ತು. ಅದು ಕೆಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಪಕ್ಕದಲ್ಲಿ ಇಯರ್‌ಫೋನು ಹಾಕಿಕೊಂಡು ನಿದ್ದೆ ಹೋದ ಯುವಕನನ್ನು ನೋಡಿ ಹೊಟ್ಟೆಕಿಚ್ಚಾಯಿತು. ಕಾಲು ತನಗೆ ತಾನೇ ಇಲ್ಲದ ಪೆಡಲನ್ನು ಹುಡುಕುತ್ತಿತ್ತು.

ಪುಣೆಯ ಮೇಲೆ ದಟ್ಟ ಮೋಡ. ವಿಮಾನ ಕುಲುಕಾಡುತ್ತ ಇಳಿಯತೊಡಗಿತು. ಚಕ್ರಗಳು ಹೊರಬಂದ ಸದ್ದು ಕೇಳಿತು. ಕಿಟಕಿಯಲ್ಲಿ ಬೂದು ಬಣ್ಣ ಬಿಟ್ಟು ಏನೂ ಕಾಣಿಸಲಿಲ್ಲ. ಇನ್ನೇನು ನೆಲ ಬರಬೇಕು ಅನ್ನುವಷ್ಟರಲ್ಲಿ ಎಂಜಿನ್ನುಗಳು ಅಬ್ಬರಿಸಿದವು, ಮೂತಿ ಮೇಲೆದ್ದು ವಿಮಾನ ಮತ್ತೆ ಮೋಡದೊಳಗೆ ನುಗ್ಗಿತು. ಹಿಂದೆ ಯಾರೋ ಕಿರುಚಿದರು. ಮಗುವೊಂದು ಅಳತೊಡಗಿತು. ಶ್ರೀಪ್ರಿಯಾ ಅವನ ಮುಂಗೈ ಹಿಡಿದಳು. ಅವಳ ಬೆರಳು ತಣ್ಣಗಾಗಿತ್ತು.

"ಏನಾಯ್ತು ರೀ?"

"ಏನಿಲ್ಲ," ಅಂದ ಮುಕುಂದ್. ತನ್ನ ದನಿ ಇಷ್ಟು ಸಮವಾಗಿರುವುದು ಅವನಿಗೇ ಆಶ್ಚರ್ಯ. "ರನ್‌ವೇ ಕಾಣಿಸಿಲ್ಲ ಅವರಿಗೆ. ಕಾಣಿಸದೇ ಇದ್ರೆ ಇಳಿಸಬಾರದು. ಮೇಲೆ ಹೋಗಿ, ಒಂದು ಸುತ್ತು ಹಾಕಿ ಮತ್ತೆ ಬರ್ತಾರೆ."

"ನೀವೂ ಹೀಗೇ ಮಾಡ್ತೀರಾ?"

"ಮಾಡ್ಬೇಕು. ನಾನು ಎಷ್ಟೋ ಸಲ ಹಟ ಹಿಡಿದು ಇಳಿಸೋಕೆ ಹೋಗಿ ಬೀಳಿಸಿದೀನಿ. ಇವರು ಒಳ್ಳೆಯವರು."

ಆ ಮಾತು ಬಾಯಿಂದ ಬಂದ ಮೇಲೆ ಅವನು ಅದನ್ನೇ ಯೋಚಿಸಿದ. ಮುಂದಿನ ಬಾಗಿಲ ಆಚೆ ಒಬ್ಬರು ಕೂತಿದ್ದಾರೆ. ಗಂಡಸೋ ಹೆಂಗಸೋ ಗೊತ್ತಿಲ್ಲ. ಈಗಷ್ಟೇ ಒಂದು ಸರಿಯಾದ ತೀರ್ಮಾನ ಮಾಡಿದ್ದಾರೆ. ತನ್ನ ಕೋಣೆಯಲ್ಲಿ ಹಾರುವ ವಿಮಾನದಲ್ಲಿ ತನ್ನನ್ನು ಬಿಟ್ಟು ಯಾರೂ ಇರುತ್ತಿರಲಿಲ್ಲ. ಹಿಂದಿನ ಸಾಲುಗಳೆಲ್ಲ ಖಾಲಿ. ತನಗೆ ಎತ್ತರದ ಭಯವೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಎತ್ತರವಲ್ಲ, ಇನ್ನೊಬ್ಬರ ಕೈಯಲ್ಲಿ ಕೂರುವುದು ತನಗೆ ಆಗುತ್ತಿರಲಿಲ್ಲ. ಬಸ್ಸಿನಲ್ಲೂ ಡ್ರೈವರನ ಹಿಂದಿನ ಸೀಟೇ ಬೇಕು, ಆಫೀಸಿನ ಹುಡುಗಿ ಅನಿತ ಕೂಡಿದ ಲೆಕ್ಕವನ್ನು ಮತ್ತೆ ತಾನೇ ಕೂಡಬೇಕು. ಈ ಹೊತ್ತಿನಲ್ಲಿ ಪುಣೆಯಲ್ಲಿ ಮುಖ ನೋಡದ ಒಬ್ಬ ಡಾಕ್ಟರು ತನ್ನ ಮಗಳ ಹೊಟ್ಟೆಗೆ ಕತ್ತರಿ ಇಟ್ಟಿರಬಹುದು. ಅಲ್ಲೂ ತಾನು ಮಾಡುವಂಥದ್ದು ಏನೂ ಇಲ್ಲ.

ಎರಡನೆಯ ಸಲ ವಿಮಾನ ಇಳಿಯಿತು. ನೆಲಕ್ಕೆ ಬಡಿದದ್ದು ಸ್ವಲ್ಪ ಜೋರಾಗಿಯೇ. ತಾನಾಗಿದ್ದರೆ ಇನ್ನೂ ಮೆತ್ತಗೆ ಇಳಿಸುತ್ತಿದ್ದೆ ಅಂದುಕೊಳ್ಳಲು ಹೋಗಿ, ಅಂದುಕೊಳ್ಳಲಿಲ್ಲ. ಮೆಟ್ಟಿಲು ಇಳಿಯುವಾಗ ಅವನು ಕೊನೆಯವರೆಗೂ ಕಂಬಿ ಬಿಡಲಿಲ್ಲ.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆಪರೇಷನ್ ಮುಗಿದಿತ್ತು. ಚಂದನ ಹೊರಗಿನ ಬೆಂಚಿನ ಮೇಲೆ ಸೌಪರ್ಣಿಕಾಳ ಚಪ್ಪಲಿ, ಕನ್ನಡಕ, ಫೋನು ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗಳ ವಯಸ್ಸಿನದೇ ಹುಡುಗಿ. ನಸುಕಿನಲ್ಲಿ ಎದ್ದು, ವಾರ್ಡನ್ನನ್ನು ಎಬ್ಬಿಸಿ, ಆಟೋ ಹಿಡಿದು ಕರೆತಂದವಳು ಅವಳು.

"ಏನಾದ್ರೂ ತಿಂದ್ಯೇನಮ್ಮ?" ಅಂದ ಮುಕುಂದ್.

"ಇಲ್ಲ ಅಂಕಲ್," ಅಂದವಳು, ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು, ಅತ್ತುಬಿಟ್ಟಳು.

ಸಂಜೆ ಕಣ್ಣು ಬಿಟ್ಟ ಸೌಪರ್ಣಿಕಾ ಮೊದಲು ಅಮ್ಮನನ್ನು ನೋಡಿದಳು, ಆಮೇಲೆ ಅಪ್ಪನನ್ನು. ಹುಬ್ಬು ಗಂಟಿಕ್ಕಿದಳು.

"ಇವತ್ತು ಯಾವ ದಿನ? ನಾಳೆ ಆಗೋಯ್ತಾ?"

"ಇಲ್ಲ ಕಣೇ, ಇವತ್ತೇ. ನಿಮ್ಮಪ್ಪ ಪ್ಲೇನಲ್ಲಿ ಬಂದ್ರು," ಅಂದಳು ಶ್ರೀಪ್ರಿಯಾ.

"ಸುಳ್ಳು," ಅಂದು ಮಗಳು ನಗಲು ಹೋಗಿ, ಹೊಲಿಗೆ ಎಳೆದಂತಾಗಿ ಹೊಟ್ಟೆ ಹಿಡಿದುಕೊಂಡಳು.

ಒಂದು ವಾರದ ಮೇಲೆ ಮೂವರೂ ವಿಮಾನದಲ್ಲೇ ಹಿಂತಿರುಗಿದರು. ಮುಕುಂದ್ ಕಿಟಕಿಯ ಪಕ್ಕ ಕೂತ. ಭಯ ಹೋಗಿರಲಿಲ್ಲ, ಕಣ್ಣು ಮಾತ್ರ ತೆರೆದಿತ್ತು. ಪಡುವಣ ಗಾಳಿಯ ಕಾಲವಾದ್ದರಿಂದ ವಿಮಾನ ಪೂರ್ವಕ್ಕೆ ಬಳಸಿ ಬಂದು ಇಳಿಯತೊಡಗಿತು. ದೂರದಲ್ಲಿ ನರಸಾಪುರದ ಕಾರ್ಖಾನೆಗಳ ಚಾವಣಿ, ಆಚೆ ಕೋಲಾರದ ಬೆಟ್ಟ, ನಡುವೆ ಅರ್ಧ ತುಂಬಿದ ಕೆರೆಗಳು. ಅವನ ಸ್ಕ್ರೀನಿನಲ್ಲಿ ಆ ಜಾಗವೆಲ್ಲ ಒಂದೇ ಹಸಿರು ಕಂಬಳಿ. ಇಲ್ಲಿ ಎಲ್ಲೋ ಒಂದು ಹೊಲದ ಬದುವಿನಲ್ಲಿ ಹೊಗೆ ಏಳುತ್ತಿತ್ತು.

ಊರಿಗೆ ಬಂದ ಮೇಲೆ ಕೆಲವು ವಾರ ಅವನು ಆ ಕೋಣೆಗೆ ಹೋಗಲಿಲ್ಲ. ಬಿಟ್ಟುಬಿಟ್ಟನೇನೋ ಎಂದು ತಿರುಮಲಮ್ಮನಿಗೆ ಕಳವಳವಾಯಿತು. "ಒಳ್ಳೇ ಅಭ್ಯಾಸ ಕಣೋ ಅದು, ಮನೇಲೇ ಇರ್ತಿದ್ದೆ," ಅಂದರು.

ಒಂದು ಭಾನುವಾರ ಶ್ರೀಪ್ರಿಯಾ ತಾನೇ ಹೋಗಿ ಆ ಕುರ್ಚಿಯಲ್ಲಿ ಕೂತಳು.

"ಹೇಗೆ ಹಾರ್ಸೋದು ಹೇಳ್ಕೊಡಿ. ನಮ್ಮ ಯಲ್ದೂರಿನ ಮೇಲೆ ಹೋಗ್ಬೇಕು ನಂಗೆ."

ಯಲ್ದೂರು ಅವಳ ತವರು, ಸುತ್ತಲೂ ಮಾವಿನ ತೋಟಗಳಿರುವ ಊರು. ಮುಕುಂದ್ ಒಂದು ಸಣ್ಣ ವಿಮಾನ ತೆರೆದು ಕೊಟ್ಟು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳು ಅಡ್ಡಾದಿಡ್ಡಿ ಹಾರಿಸಿದಳು. ಶ್ರೀನಿವಾಸಪುರ ದಾಟಿದ ಮೇಲೆ ಒಂದೇ ಅಚ್ಚಿನ ಮರಗಳು ಕಂಡವು. "ಇವು ಮಾವಿನ ಮರ ಅಲ್ವೇ ಅಲ್ಲ," ಎಂದು ಗೊಣಗಿದಳು. ವಿಮಾನ ಎಡಕ್ಕೆ ವಾಲಿತು. ಮುಕುಂದನ ಕೈ ಮುಂದೆ ಹೋಯಿತು.

"ಕೈ ಹಾಕ್ಬೇಡಿ. ನಾನೇ ಇಳಿಸ್ತೀನಿ."

"ಸರಿ, ಇಳಿಸು," ಅಂದ ಮುಕುಂದ್. ಕೈಯನ್ನು ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡು, ಯಾವುದೋ ಹೊಲ ಮೇಲಕ್ಕೆ ಬರುತ್ತಿರುವುದನ್ನು ನೋಡುತ್ತ ಕೂತ.