ಎರವಲು ಕಣ್ಣು

ಪರದೆಯ ಮೇಲಿನ ಫೋಟೋದಲ್ಲಿ ಮಗುವಿನ ಕೆನ್ನೆಯ ಮೇಲಿದ್ದ ಟೇಪಿನ ಗುರುತು ಅರ್ಧ ಅಳಿಸಿತ್ತು. ಮೂಗಿನ ನಳಿಕೆಯನ್ನು ಅವಳು ಆಗಲೇ ತೆಗೆದಾಗಿತ್ತು. ಇನ್ನೊಂದು ಕೆನ್ನೆಯಿಂದ ಚಿಟಿಕೆಯಷ್ಟು ಚರ್ಮ ಎತ್ತುವುದು, ಗುರುತಿನ ಮೇಲೆ ಕೂರಿಸುವುದು, ಅಂಚು ಸವರುವುದು, ಮತ್ತೆ ಎತ್ತುವುದು. ಮೌಸ್ ಹಿಡಿದ ಮಣಿಕಟ್ಟಿಗೆ ನೋವಿನ ಪಟ್ಟಿ ಬಿಗಿದಿತ್ತು. ಸ್ಟುಡಿಯೋದಲ್ಲಿ ಅವಳಿಗೆ ರಬ್ಬರಮ್ಮ ಎಂದೇ ಹೆಸರು. ಮೊಡವೆ, ಬೋಳುತಲೆಯ ಹೊಳಪು, ಬಿಟ್ಟುಹೋದ ಗಂಡ, ಯಾವುದನ್ನೇ ಆಗಲಿ ಫೋಟೋದಿಂದ ಅಳಿಸಿಕೊಡುತ್ತಾಳೆಂದು ಯಜಮಾನರು ಇಟ್ಟ ಹೆಸರು.

"ಏನ್ ರಬ್ಬರಮ್ಮ, ಕಣ್ಣು ಬಿಟ್ನಾ ಪುಟ್ಟ ಸಾಹೇಬ?" ಯಜಮಾನರು ಕೌಂಟರಿನಿಂದಲೇ ಕೇಳಿದರು.

"ಇನ್ನೂ ಕೆನ್ನೇಲೇ ಇದೀನಿ ಸಾರ್."

"ಬೇಗ ಮುಗಿಸಮ್ಮ. ಸಂಜೆ ಆ ಅತ್ತೆ ಬರ್ತಾರೆ. ಅವರ ಬಾಯಿ ನೋಡಿದ್ಯಲ್ಲ, ಫ್ರೇಮಿನ ಗಾಜೂ ಒಡೆಯುತ್ತೆ."

ಬೆಳಿಗ್ಗೆ ಬಂದಿದ್ದವರು ಅತ್ತೆ, ಸೊಸೆ ಇಬ್ಬರೇ. ಅತ್ತೆ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನಿಂತೇ ಮಾತಾಡಿದ್ದರು.

"ನೋಡಮ್ಮ, ಮಗು ಆಸ್ಪತ್ರೆ ಗಾಜಿನ ಪೆಟ್ಟಿಗೇಲಿ ಇದ್ದಾಗ ಮೊಬೈಲಲ್ಲಿ ತೆಗೆದಿದ್ದು. ಇದೊಂದೇ ಇರೋದು. ಪೈಪು ಗೀಪು ಎಲ್ಲ ತೆಗೆದುಬಿಡು. ಕಣ್ಣು ಬಿಡಿಸು. ಕಣ್ಣೇ ಬಿಡದೆ ಹೋಯ್ತಂತೆ ಅಂತ ಬಂದೋರೆಲ್ಲ ಕೆದಕಿ ಕೆದಕಿ ಇವಳ ಜೀವ ತಿಂತಾರೆ. ಗೋಡೆ ಮೇಲಾದ್ರೂ ಒಂದ್ಸಲ ನಮ್ಮನ್ನ ನೋಡ್ಲಿ."

ಮುಚ್ಚಿದ ಕಣ್ಣು ಬಿಡಿಸುವುದು ರಬ್ಬರಮ್ಮನಿಗೆ ದಿನನಿತ್ಯದ ಕೆಲಸ. ಅದೇ ಮನುಷ್ಯನ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರಿಸಿದರಾಯಿತು. ಅಭ್ಯಾಸಬಲ, ಕೇಳಿಬಿಟ್ಟಿದ್ದಳು: "ಕಣ್ಣು ಬಿಟ್ಟಿರೋ ಫೋಟೋ ಬೇರೆ ಇದೆಯಾ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮುಚ್ಚಿಹಾಕಲು ಹೋಗಿ ಇನ್ನೊಂದು ಕೇಳಿದಳು: "ಕಣ್ಣು ಕಪ್ಪು ಬಣ್ಣಾನಾ, ಕಂದು ಬಣ್ಣಾನಾ?"

"ಗೊತ್ತಿಲ್ಲ," ಎಂದಳು ಸೊಸೆ. "ನಾನೂ ನೋಡ್ಲಿಲ್ಲ."

"ನನ್ನ ಮಗಂದೇ ಕಣ್ಣು. ಕಪ್ಪು ಹಾಕು," ಎಂದರು ಅತ್ತೆ.

ಅತ್ತೆ ಮೆಟ್ಟಿಲಿಳಿಯುತ್ತಿದ್ದಾಗ ಸೊಸೆ ಬಾಗಿಲಿನಿಂದ ಹಿಂತಿರುಗಿ ಬಂದಿದ್ದಳು. "ಅಕ್ಕಾ, ರೆಪ್ಪೆಗೂದಲು ಉದ್ದ ಇತ್ತು. ಕೆನ್ನೆಗೆ ತಾಗ್ತಿತ್ತು. ಅದೊಂದು ಹಾಗೇ ಇರ್ಲಿ, ಆಯ್ತಾ?"

"ಆಯ್ತು," ಎಂದಿದ್ದಳು ರಬ್ಬರಮ್ಮ, ಗಿರಾಕಿಗಳಿಗೆ ಎಂದಿನಂತೆ.

ಟೇಪಿನ ಗುರುತು ಪೂರ್ತಿ ಹೋಯಿತು. ಅವಳು 'ಕಣ್ಣಿನ ಡಬ್ಬಿ' ತೆರೆದಳು. ಬಂದುಹೋದ ಗಿರಾಕಿಗಳ ಫೋಟೋಗಳಿಂದ ಚೆನ್ನಾದ ಕಣ್ಣುಗಳನ್ನು ಕತ್ತರಿಸಿ ಕೂಡಿಟ್ಟ ಫೋಲ್ಡರ್ ಅದು. ಯಾವುದು ಯಾರದೆಂದು ಈಗ ಯಾರಿಗೂ ನೆನಪಿಲ್ಲ. ಕೂಸುಗಳ ಕಣ್ಣುಗಳಲ್ಲಿ ಒಂದು ಕಪ್ಪು ಜೊತೆ ಹೇಳಿ ಮಾಡಿಸಿದಂತಿತ್ತು. ಎತ್ತಿ ಕೂರಿಸಿದಳು. ರೆಪ್ಪೆಗೂದಲು ಅದರಡಿಯಲ್ಲಿ ಮರೆಯಾಯಿತು. ಮಗು ಕಣ್ಣರಳಿಸಿ ನೋಡಿತು.

ಬೆಳಕು ಹೊಂದಿಸಲು ಕಣ್ಣನ್ನು ಪರದೆ ತುಂಬ ದೊಡ್ಡದು ಮಾಡಿದಳು. ಕಪ್ಪು ಗುಡ್ಡೆಯೊಳಗೆ ಪುಟ್ಟ ಬಿಳಿ ಕಿಟಕಿ ಇತ್ತು. ಕಿಟಕಿಯ ಮುಂದೆ, ಫೋನು ಹಿಡಿದು ಬಾಗಿದ್ದ ಹೆಂಗಸಿನ ನೆರಳು. ತಲೆ ಬಾಚಿಕೊಂಡಿರಲಿಲ್ಲ. ಆ ಕಣ್ಣಿನ ಮಗುವಿನ ತಾಯಿಯಿರಬೇಕು.

ಆ ನೆರಳನ್ನೂ ಕಿಟಕಿಯನ್ನೂ ಅಳಿಸಿದಳು. ಕಣ್ಣು ಗೊಂಬೆಗೆ ಹೊಲಿದ ಗುಂಡಿಯಾಯಿತು. ಒಳಗಿನ ಬೆಳಕು ತೆಗೆದರೆ ಕಣ್ಣು ಸಾಯುತ್ತದೆ. ಈ ಕಸುಬಿನಲ್ಲಿ ಮೊದಲು ಕಲಿಸುವುದೇ ಅದು. ಬೆಳಕನ್ನು ವಾಪಸು ತಂದಳು. ಬೆಳಕಿನ ಜೊತೆ ಆ ಹೆಂಗಸೂ ಬಂದಳು.

ಹೀಗೇ ಗೋಡೆಗೇರಿದರೆ, ಸೊಸೆ ದಿನಾ ಬೆಳಿಗ್ಗೆ ಎದ್ದು ಈ ಚಿತ್ರದ ಕೆಳಗೆ ನಿಲ್ಲುತ್ತಾಳೆ. ಮಗು ಮೇಲಿನಿಂದ ಇನ್ನೊಬ್ಬಳನ್ನು ನೋಡುತ್ತಿರುತ್ತದೆ. ಇವಳಿಗದು ತಿಳಿಯುವುದೂ ಇಲ್ಲ. ಕ್ರಮೇಣ ತಾನು ಕಂಡ ಮುಖ ಮಾಸಿ, ಗೋಡೆಯ ಮುಖವೇ ತನ್ನದೆಂದುಕೊಳ್ಳುತ್ತಾಳೆ.

ಯಜಮಾನರು ಬಂದು ಬೆನ್ನ ಹಿಂದೆ ನಿಂತರು. "ಆಹಾ, ಜೀವ ಬಂತು ನೋಡು! ಡಾಕ್ಟ್ರ ಕೈಲಾಗದ್ದು ನಮ್ಮ ರಬ್ಬರಮ್ಮ..." ಮಾತು ಅರ್ಧಕ್ಕೇ ನುಂಗಿ, ಕೆಮ್ಮಿದರು. "ಪ್ರಿಂಟ್ ಹಾಕು."

"ಆ ಹುಡುಗಿ ರೆಪ್ಪೆಗೂದಲು ಹಾಗೇ ಇರ್ಲಿ ಅಂದಿದ್ಲು ಸಾರ್."

"ಕಣ್ಣೂ ಬಿಟ್ಟಿರ್ಬೇಕು, ರೆಪ್ಪೇನೂ ಮುಚ್ಚಿರ್ಬೇಕು ಅಂದ್ರೆ ಹೇಗಮ್ಮ? ಕೆಲಸ ಹೇಳಿದ್ದು ಅತ್ತೆ. ಅವರು ಹೇಳಿದ್ದು ಮಾಡು. ಇಲ್ದಿದ್ರೆ ನಿನ್ನ ಜಾಗಕ್ಕೆ ಜನ ಕಾಯ್ತಿದಾರೆ, ನೆನಪಿರ್ಲಿ." ನಗುತ್ತಲೇ ಹೇಳಿದರು. ಅವರು ತಮಾಷೆಗೆ ಹೇಳಿದ ಇಂಥ ಮಾತು ಹಿಂದೆ ಇಬ್ಬರು ಕೆಲಸದವರ ಪಾಲಿಗೆ ನಿಜವಾಗಿತ್ತು.

ಅವರು ಕೌಂಟರಿಗೆ ಮರಳಿದರು. ಅವಳು ಕೂರಿಸಿದ ಕಣ್ಣುಗಳನ್ನು ಅಳಿಸಿದಳು. ರೆಪ್ಪೆಗೂದಲು ಮತ್ತೆ ಕೆನ್ನೆಗೆ ಬಂದು ತಾಗಿತು. ಪ್ರಿಂಟ್ ಒತ್ತಿದಳು. ಹೊರಬಂದ ಚಿತ್ರವನ್ನು ಫ್ರೇಮಿಗೆ ಹಾಕಿ, ಗಾಜು ಒರೆಸಿ, ಕಂದು ಕಾಗದ ಸುತ್ತಿ, ಇಲ್ಲಿ ಯಾರೂ ಸುಲಭಕ್ಕೆ ಬಿಚ್ಚದಂತೆ ಸುತ್ತಲೂ ಟೇಪು ಎಳೆದಳು.

"ಆಯ್ತಾ?" ಕೌಂಟರಿನಿಂದ ಕೂಗು ಬಂತು.

"ಆಯ್ತು ಸಾರ್," ಎಂದು ಪೊಟ್ಟಣವನ್ನು ಅವರ ಮುಂದಿಟ್ಟಳು.

ಒಳಗೆ ಬಂದು ತನ್ನ ಖಾನೆಯಲ್ಲಿದ್ದ ಬಾಚಣಿಗೆ, ಕನ್ನಡಕದ ಡಬ್ಬಿ, ನೋವಿನ ಮುಲಾಮು ತೆಗೆದು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮುಂದಿನ ಗಿರಾಕಿಯ ಫೋಟೋ ತೆರೆದಳು.